ದುಡಿ ನಡುವಿನ ಕೋವಿ ನಳಿಗೆಗೆ ಹೊಸ ಮರ ಕೂರಿಸಬೇಕು, ತಿಳಿದವರು ಹೇಳಿ

ನಾಲ್ಕುನಾಡು · ಫೆಬ್ರವರಿ 11

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ಕಕ್ಕಬ್ಬೆ ಕಡೆ. ಅಜ್ಜನ ಕಾಲದ ಒಂಟಿ ನಳಿಗೆಯ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಒಂದಿದೆ, ಮನೆಯ ವಿನಾಯಿತಿ ಪತ್ರದಲ್ಲಿ ನಮೂದಾಗಿರುವುದೇ. ಹಾರಿಸಿ ಎಷ್ಟೋ ವರ್ಷವಾಯಿತು. ಆದರೂ ಆಯುಧ ಪೂಜಿಸುವ ಕೈಲ್ ಮುಹೂರ್ತಕ್ಕೆ ತಪ್ಪದೆ ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪದ ಕೆಳಗಿಟ್ಟು ತೋಕ್ ಪೂ ಎಂಬ ಹೂ ಮುಡಿಸುತ್ತೇವೆ. ಹೋದ ಮಳೆಗಾಲ ಗೋಡೆಗೆ ಒರಗಿಸಿಟ್ಟಿದ್ದಾಗ ಗೆದ್ದಲು ಹತ್ತಿ ಮುಂದಿನ ಮರ ಪೂರ್ತಿ ಟೊಳ್ಳಾಗಿದೆ. ಹೊರಗಿನಿಂದ ಎಣ್ಣೆ ಹಚ್ಚಿದ ಹೊಳಪು ಹಾಗೇ ಇದೆ, ಬೆರಳಿಂದ ಒತ್ತಿದರೆ ಹಪ್ಪಳದಂತೆ ಒಳಗೆ ಹೋಗುತ್ತದೆ.

ನಳಿಗೆ ಎಂಟು ಪಟ್ಟೆಯದು, ಅಂದರೆ ಹೊರಮೈಗೆ ಎಂಟು ಮುಖ. ಮರ ಬಿದ್ದು ಬರಿ ನಳಿಗೆ ಕೈಗೆ ಬಂದಾಗಲೇ ನನಗೆ ತಿಳಿದದ್ದು, ಅದು ಉದ್ದಕ್ಕೂ ಒಂದೇ ದಪ್ಪ ಇಲ್ಲ. ವರ್ನಿಯರ್ ಹಿಡಿದು ಅಳೆದೆ. ಒಟ್ಟು ಉದ್ದ 36 ಇಂಚು. ಬುಡದಲ್ಲಿ ಪಟ್ಟೆಯಿಂದ ಪಟ್ಟೆಗೆ 28 ಮಿಲಿಮೀಟರ್. ಅಲ್ಲಿಂದ ಸಣ್ಣಗಾಗುತ್ತಾ 24ನೇ ಇಂಚಿನ ಹತ್ತಿರ 20ಕ್ಕೆ ಇಳಿದು, ಬಾಯಿಯ ಹತ್ತಿರ ಮತ್ತೆ 22ಕ್ಕೆ ಏರುತ್ತದೆ. ನಡು ಸಣ್ಣಗಿರುವ ದುಡಿ ವಾದ್ಯವನ್ನು ಉದ್ದಕ್ಕೆ ಎಳೆದಿಟ್ಟ ಹಾಗೆ. ಟಾರ್ಚ್ ಹಿಡಿದು ನೋಡಿದರೆ ಬಾಯಿಯಲ್ಲಿ ಏಳು ಸುರುಳಿ ಗೆರೆ ಮಸುಕಾಗಿ ಕಾಣುತ್ತದೆ. ಮುದ್ರೆ, ಹೆಸರು ಏನೂ ಇಲ್ಲ.

ನಮ್ಮೂರ ಮರಗೆಲಸದವರು ನೋಡಿ, ನೇರ ನಳಿಗೆಯಾದರೆ ಒಂದು ದಿನದ ಕೆಲಸ, ಇದನ್ನು ಹೇಗೆ ಕೂರಿಸುವುದೋ ಗೊತ್ತಿಲ್ಲ ಅಂದರು. ಹಳೆಯ ಬೀಟೆ ಮಂಚದ ಪಕ್ಕದ ಹಲಗೆ ಒಂದಿದೆ. ಆರಡಿ ಉದ್ದ, 7 ಇಂಚು ಅಗಲ, 2 ಇಂಚು ದಪ್ಪ. ಅದೇ ಅಜ್ಜ ಮಲಗುತ್ತಿದ್ದ ಮಂಚ. ಆ ಹಲಗೆಯಲ್ಲೇ ಆಗಬೇಕೆಂದು ಆಸೆ. ದಾರಿ ತೋರಿಸಿ.

ಕಾಫಿಹೂ · ಫೆಬ್ರವರಿ 11

ತಮ್ಮಾ, ಮರದ ಮಾತು ಆಮೇಲೆ. ನಳಿಗೆ ಖಾಲಿ ಇದೆಯಾ ನೋಡಿದ್ದೀಯಾ? ನೋಡಿಲ್ಲ ಅಂದರೆ ಅದರ ಬಾಯಿಗೆ ಟಾರ್ಚ್ ಹಿಡಿಯುವುದನ್ನು ಈಗಲೇ ನಿಲ್ಲಿಸು. ಮದ್ದು ಜಡಿಯುವ ಗಜಕಡ್ಡಿಯನ್ನು ಒಳಗೆ ಬಿಟ್ಟು, ನಿಂತ ಕಡೆ ಬಾಯಿಯ ಮಟ್ಟಕ್ಕೆ ಉಗುರಿಂದ ಗುರುತು ಮಾಡು. ಹೊರಗೆ ತೆಗೆದು ಅದೇ ಗುರುತನ್ನು ಬಾಯಿಗೆ ಸರಿಯಾಗಿ ಹಿಡಿದು ನಳಿಗೆಯ ಪಕ್ಕದಲ್ಲಿ ಇಡು. ಕಡ್ಡಿಯ ತುದಿ ಕೇಪು ಕೂರಿಸುವ ನಿಪ್ಪಲ್ ಇರುವ ಕಡೆಗೆ ಬರಬೇಕು. ಗಿಡ್ಡ ಬಿದ್ದರೆ ಒಳಗೆ ಏನೋ ಇದೆ ಅಂತ ಅರ್ಥ. ನಮ್ಮ ಸಿದ್ದಾಪುರದ ಮನೆಯಲ್ಲಿ ಮಾವನವರ ಕೋವಿ ಹೀಗೆಯೇ ತುಂಬಿದ ಸ್ಥಿತಿಯಲ್ಲಿ ಮೂಲೆಯಲ್ಲಿ ನಿಂತಿತ್ತು. ಮಕ್ಕಳು ಅದೇ ಕೋಣೆಯಲ್ಲಿ ಆಡುತ್ತಿದ್ದರು.

ನಾಲ್ಕುನಾಡು · ಫೆಬ್ರವರಿ 12

ಅಕ್ಕಾ, ಕೈ ನಡುಗುತ್ತಿದೆ. ನಾಲ್ಕು ಬೆರಳು ಗಿಡ್ಡ ಬಿತ್ತು.

ಕಾಫಿಹೂ · ಫೆಬ್ರವರಿ 12

ಮುಟ್ಟಬೇಡ. ಬಾಯಿ ಯಾರ ಕಡೆಗೂ ಇಲ್ಲದ ಹಾಗೆ ಇಟ್ಟು ಕೋಣೆಗೆ ಬೀಗ ಹಾಕು. ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ಮೊದಲು ಫೋನ್ ಮಾಡಿ, ಅವರು ಹೇಳಿದ ಹಾಗೆ ಮಾಡು. ನೀನಾಗಿ ಬುಡ ಬಿಚ್ಚಲು, ಒಳಗಿನದು ಕೀಳಲು ಹೋಗಬೇಡ. ಮದ್ದು ಹಳೆಯದಾದರೂ ಒಣಗಿದ್ದರೆ ಸಾಕು, ಸಿಡಿಯುತ್ತದೆ.

ನಾಲ್ಕುನಾಡು · ಫೆಬ್ರವರಿ 15

ರಿಪೇರಿಯವರು ತೆಗೆದುಕೊಟ್ಟರು. ಮೇಲೆ ತೆಂಗಿನ ನಾರಿನ ಉಂಡೆ, ಅದರ ಕೆಳಗೆ ಚರೆ, ಮತ್ತೆ ನಾರು, ಕೊನೆಯಲ್ಲಿ ಗಟ್ಟಿಯಾಗಿ ಕಪ್ಪು ಬೆಲ್ಲದಂತಿದ್ದ ಮದ್ದು. ಯಾವ ಹುತ್ತರಿ ಹಬ್ಬಕ್ಕೆ ತುಂಬಿದ್ದೋ, ಯಾರ ಸಾವಿನ ದಿನ ಎರಡನೇ ಸಲ ಹಾರಿಸದೆ ಉಳಿದದ್ದೋ. ನಮ್ಮ ತಂದೆಗೂ ನೆನಪಿಲ್ಲ. ಇಷ್ಟು ವರ್ಷ ಅದನ್ನು ದೀಪದ ಕೆಳಗಿಟ್ಟು ಸುತ್ತ ಕೂತಿದ್ದೇವೆ. ಅಕ್ಕಾ, ನಿಮ್ಮ ಉಪಕಾರ ಮರೆಯುವುದಿಲ್ಲ.

ಬುಡದ ತಿರುಪು ಬಿಚ್ಚಿ ನೋಡಿದರಂತೆ. ತಿರುಪಿನ ಎಳೆಗಳು ಗಟ್ಟಿ ಇವೆ, ನಳಿಗೆ ಎಲ್ಲೂ ಬಾಗಿಕೊಂಡಿಲ್ಲ, ಬುಡದ ಹತ್ತಿರ ಸ್ವಲ್ಪ ತುಕ್ಕಿನ ಗುಳಿ. ಹಾರಿಸುವ ಮಾತು ಬೇರೆ ಪರೀಕ್ಷೆ ಆದ ಮೇಲೆ ಅಂದಿದ್ದಾರೆ. ಮರದ ಕೆಲಸ ಅವರ ಅಂಗಡಿಯಲ್ಲೇ ಮಾಡಲು ಒಪ್ಪಿದ್ದಾರೆ.

ನಿರ್ವಾಹಕ · ಫೆಬ್ರವರಿ 15

ಕೊನೆಯ ಸಾಲು ಎಲ್ಲರೂ ಗಮನಿಸಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರ ಆದೇಶದಿಂದ ಬಂದ ವಿನಾಯಿತಿ ಈಗ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ಅದು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕಿರುವ ವಿನಾಯಿತಿ. ತಯಾರಿಸಲು, ಮಾರ್ಪಡಿಸಲು, ರಿಪೇರಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿ ಕೇಳುತ್ತದೆ. ಕೆಲಸ ಪರವಾನಗಿದಾರರ ಅಂಗಡಿಯಲ್ಲೇ ನಡೆಯಲಿ, ಪತ್ರ ಜೊತೆಗಿರಲಿ. ಇನ್ನು ಮರದ ಮಾತು ಮುಂದುವರಿಸಿ.

ಹಳೇಕಮ್ಮಟ · ಫೆಬ್ರವರಿ 16

ಈ ಬರಹ ಓದಿ ಖುಷಿಯಾಯಿತು. ನಾನು ಮಡಿಕೇರಿಯವನು. ಪೆನ್ಸಿಲ್ವೇನಿಯಾದ ಲಂಕಾಸ್ಟರ್ ಹತ್ತಿರ 19 ವರ್ಷ ಇದ್ದು ನಿವೃತ್ತನಾಗಿ ಬಂದಿದ್ದೇನೆ. ಆ ಊರು ಈ ಬಗೆಯ ಕೋವಿಗೆ ತವರು. ಅಲ್ಲಿ ಪರಿಚಯದವರ ಕಮ್ಮಟದಲ್ಲಿ ವಾರಾಂತ್ಯಗಳಲ್ಲಿ ಕೂತು ಇಂಥ ಮೂರು ನಳಿಗೆಗಳಿಗೆ ಮರ ಕೆತ್ತಿದ್ದೇನೆ. ಅಲ್ಲಿ ಇದಕ್ಕೆ ಸ್ವಾಂಪ್ಡ್ ಬ್ಯಾರೆಲ್ ಅನ್ನುತ್ತಾರೆ. ನೀವು ಕೊಟ್ಟ ದುಡಿ ನಡು ಅನ್ನುವ ಹೆಸರೇ ಚೆನ್ನಾಗಿದೆ, ನಾನೂ ಅದನ್ನೇ ಬಳಸುತ್ತೇನೆ.

ಜರ್ಮನ್ ನಾಡುಗಳ ಬೇಟೆಗಾರರ ಯೇಗರ್ ಕೋವಿಗಳಲ್ಲಿ ಈ ಆಕಾರ ಇತ್ತು. ಅವು ಗಿಡ್ಡ, ಬಾಯಿ ದೊಡ್ಡದು. 18ನೇ ಶತಮಾನದಲ್ಲಿ ಅಲ್ಲಿಂದ ಪೆನ್ಸಿಲ್ವೇನಿಯಾಕ್ಕೆ ವಲಸೆ ಹೋದ ಕಮ್ಮಾರರು ನಳಿಗೆಯನ್ನು 40 ಇಂಚು ದಾಟಿಸಿ ಉದ್ದ ಮಾಡಿದರು, ಗುಂಡಿನ ಗಾತ್ರ ಇಳಿಸಿದರು, ಮೇಪಲ್ ಮರಕ್ಕೆ ಕೂರಿಸಿದರು. ನಡು ಸಣ್ಣ ಮಾಡುವ ಪದ್ಧತಿಯನ್ನು ಮಾತ್ರ ಬಿಡಲಿಲ್ಲ. ಅದಕ್ಕೆ ಕಾರಣ ಇದೆ. ಮದ್ದು ಸಿಡಿದಾಗ ಒತ್ತಡ ಬುಡದಲ್ಲೇ ಹೆಚ್ಚು, ಆದ್ದರಿಂದ ಅಲ್ಲಿ ಕಬ್ಬಿಣ ದಪ್ಪ ಬೇಕು. ಮುಂದೆ ಹೋದಂತೆ ಒತ್ತಡ ಇಳಿಯುತ್ತದೆ, ದಪ್ಪ ಇಳಿಸಿದರೆ ತೂಕ ಉಳಿಯುತ್ತದೆ. ಹಾಗೆಂದು ತುದಿಯವರೆಗೂ ಇಳಿಸುತ್ತಾ ಹೋದರೆ ಬಾಯಿ ತೀರ ಹಗುರವಾಗಿ ಗುರಿ ಹಿಡಿದಾಗ ಅಲುಗಾಡುತ್ತದೆ, ಮುಂದಿನ ಗುರಿಮೊನೆಯನ್ನೂ ಎತ್ತರಕ್ಕೆ ನಿಲ್ಲಿಸಬೇಕಾಗುತ್ತದೆ. ಬಾಯಿಯ ಹತ್ತಿರ ಮತ್ತೆ ಎರಡು ಮಿಲಿ ಕೊಟ್ಟರೆ ಎರಡೂ ಸರಿಹೋಗುತ್ತದೆ. ಕೈಗೆತ್ತಿಕೊಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನೇರ ನಳಿಗೆಯ ಉದ್ದ ಕೋವಿ ಮುಂದಕ್ಕೆ ಜಗ್ಗುತ್ತದೆ, ಇದು ತಾನೇ ಭುಜಕ್ಕೆ ಬಂದು ಕೂರುತ್ತದೆ. 19ನೇ ಶತಮಾನದಲ್ಲಿ ಕಾರ್ಖಾನೆಗಳು ಬಂದ ಮೇಲೆ ನೇರ ನಳಿಗೆ ಸುಲಭ ಅಂತ ಹೆಚ್ಚಾಯಿತು.

ನಿಮ್ಮದು ಯಾವ ದೇಶದ್ದು ಅಂತ ಅಳತೆಯಿಂದ ಹೇಳಲಾರೆ. ಯಾವುದಾದರೂ ಮಾಡುವ ಕೆಲಸ ಒಂದೇ. ಮುಂದಿನ ಬರಹದಲ್ಲಿ ಕ್ರಮ ಹೇಳುತ್ತೇನೆ. ಅಷ್ಟರೊಳಗೆ ಬುಡದಿಂದ ಎರಡೆರಡು ಇಂಚಿಗೆ ನಳಿಗೆಯ ಅಗಲ ಅಳೆದು ಪಟ್ಟಿ ಮಾಡಿ. ಮೂರು ಕಡೆ ಅಳೆದರೆ ಸಾಲದು, ಏಕೆಂದರೆ ಇಳಿಜಾರು ಒಂದೇ ಸಮ ಇರುವುದಿಲ್ಲ.

ಉಳಿಸುತ್ತಿಗೆ · ಫೆಬ್ರವರಿ 16

ಗೋಣಿಕೊಪ್ಪದಿಂದ. ಮರದ ಬಗ್ಗೆ ಎರಡು ಮಾತು. ಬೀಟೆ ಒಳ್ಳೆಯದೇ. ಮಂಚದ್ದು ಅಂದರೆ ಒಣಗಿರುತ್ತದೆ. ಹೊಸ ಬೀಟೆಗೆ ಅರಣ್ಯ ಇಲಾಖೆಯ ಅನುಮತಿ, ಪಾಸು ಎಲ್ಲ ಬೇಕು, ಆ ರಗಳೆ ನಿಮಗಿಲ್ಲ. ತೇಗ ಬೇಡ, ತೆಳು ಅಂಚಿನಲ್ಲಿ ಸಿಡಿಯುತ್ತದೆ. ಸಿಲ್ವರ್ ಓಕ್ ಕೇಳಲೇಬೇಡಿ.

ಬೀಟೆಯ ಎಳೆ ಹೆಣೆದುಕೊಂಡಿರುತ್ತದೆ. ಒಂದು ಬೆರಳಗಲ ಈ ಕಡೆಗೆ, ಪಕ್ಕದ ಬೆರಳಗಲ ಆ ಕಡೆಗೆ. ಕೀಸುಳಿ ಎಳೆದರೆ ಕಿತ್ತುಬರುತ್ತದೆ. ಹಳೆ ಗರಗಸದ ತಗಡು ಕತ್ತರಿಸಿ ಹೆರೆಯುವ ಪಟ್ಟಿ ಮಾಡಿಕೊಳ್ಳಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬೀಟೆ ಹುಡಿ ಎದೆಗೆ ಹತ್ತುತ್ತದೆ, ಕೆಲವರಿಗೆ ಮೈ ತುರಿಸುತ್ತದೆ. ಹಲಗೆಯಲ್ಲಿ ಹಿಡಿಕೆಯ ಕುತ್ತಿಗೆ ಬರುವ ಜಾಗದಲ್ಲಿ ಎಳೆ ಉದ್ದಕ್ಕೆ ಓಡಿದೆಯಾ ನೋಡಿ. ಅಡ್ಡ ಓಡಿದ್ದರೆ ಅಲ್ಲೇ ಮುರಿಯುವುದು.

ಹಾರಂಗಿ · ಫೆಬ್ರವರಿ 17

ಅಣ್ಣಂದಿರೇ, ಇಷ್ಟು ಕಷ್ಟ ಯಾಕೆ? ಮರ ತೋಡುವ ರೂಟರ್ ಯಂತ್ರ ಹಿಡಿದು ಸುತ್ತಲೂ ಮೂರು ಮಿಲಿ ಹೆಚ್ಚಿಗೆ ತೋಡಿ, ನಳಿಗೆಗೆ ಮೇಣ ಸವರಿ ಇಟ್ಟು ಎಪಾಕ್ಸಿ ಅಂಟು ಸುರಿದರೆ ಅಚ್ಚು ತಾನೇ ಬರುತ್ತದೆ. ನಾನು ಟೇಬಲ್‌ಗಳಿಗೆ ಹೀಗೇ ಮಾಡುತ್ತೇನೆ.

ಹಳೇಕಮ್ಮಟ · ಫೆಬ್ರವರಿ 17

ಹಾರಂಗಿಯವರೇ, ಎಪಾಕ್ಸಿ ಹಾಸು ಕೊಡುವವರು ಅಲ್ಲಿಯೂ ಇದ್ದಾರೆ. ಬುಡದ ಒಂದೆರಡು ಇಂಚಿಗೆ ತೆಳುವಾಗಿ ಕೊಟ್ಟರೆ ಒದೆತ ತಡೆಯಲು ಬಲವೇ. ಅದನ್ನು ನಾನು ವಿರೋಧಿಸುವುದಿಲ್ಲ. ಇಡೀ ಉದ್ದಕ್ಕೆ ಸುರಿಯುವುದಕ್ಕೆ ನನ್ನ ತಕರಾರಿದೆ. ಈ ಕೋವಿಯ ಮುಂಭಾಗದಲ್ಲಿ ಮರದ ಗೋಡೆ ಮುಗಿದ ಮೇಲೆ ಮೂರು ಮಿಲಿ ಉಳಿದರೆ ಹೆಚ್ಚು. ನೀವು ಮೂರು ಮಿಲಿ ಹೆಚ್ಚಿಗೆ ತೋಡಿದರೆ ಅಲ್ಲಿ ಮರವೇ ಇರುವುದಿಲ್ಲ, ಬರಿ ಅಂಟು ನಿಂತಿರುತ್ತದೆ. ಎರಡನೆಯದು, ಎಂಟು ಪಟ್ಟೆಯ ನಳಿಗೆ ಅರ್ಧದಷ್ಟು ಮಾತ್ರ ಮರದೊಳಗೆ ಕೂರಬೇಕು, ಪಕ್ಕದ ಪಟ್ಟೆಯ ನಡುಮಟ್ಟಕ್ಕೆ. ಅಂಟು ಅದಕ್ಕಿಂತ ಮೇಲಿನ ಓರೆ ಪಟ್ಟೆಗೆ ಒಂದಿಷ್ಟು ಏರಿ ಗಟ್ಟಿಯಾದರೂ ನಳಿಗೆ ಮೇಲಕ್ಕೆ ಬರುವುದಿಲ್ಲ. ನೇರ ನಳಿಗೆಯಾದರೆ ಮುಂದಕ್ಕೆ ಜಾರಿಸಿ ಎಳೆಯಬಹುದು. ದುಡಿ ನಡುವಿನದು ಹಿಂದಕ್ಕೂ ಬರುವುದಿಲ್ಲ, ಮುಂದಕ್ಕೂ ಬರುವುದಿಲ್ಲ. ಆಮೇಲೆ ಮರ ಸೀಳಿಯೇ ತೆಗೆಯಬೇಕು. ಅಜ್ಜನ ಮಂಚದ ಹಲಗೆಯನ್ನು ಆ ಅಪಾಯಕ್ಕೆ ಒಡ್ಡಲು ನನಗೆ ಮನಸ್ಸಿಲ್ಲ.

ಈಗ ಕ್ರಮ. ಹಲಗೆಯ ಮೇಲ್ಮೈಯನ್ನು ಮಟ್ಟಸ ಮಾಡಿ, ಉದ್ದಕ್ಕೆ ನಡುಗೆರೆ ಎಳೆಯಿರಿ. ಆ ಗೆರೆಯೇ ಕೊನೆಯವರೆಗೂ ಆಧಾರ, ಅಳಿಸಿಹೋಗದಂತೆ ಚಾಕುವಿನಲ್ಲಿ ಗೀರಿ. ಎರಡೆರಡು ಇಂಚಿಗೆ ಅಡ್ಡಗೆರೆ ಹಾಕಿ, ಪ್ರತಿ ಅಡ್ಡಗೆರೆಯಲ್ಲೂ ಆ ಜಾಗದ ಅಗಲದ ಅರ್ಧವನ್ನು ನಡುಗೆರೆಯಿಂದ ಎರಡೂ ಕಡೆ ಗುರುತಿಸಿ. ಗುರುತುಗಳನ್ನು ಅಳತೆಪಟ್ಟಿಯಿಂದ ಸೇರಿಸಬೇಡಿ, ಮೂಲೆ ಮೂಲೆಯಾಗಿ ಬರುತ್ತದೆ. ಸಣ್ಣಗೆ ಸೀಳಿದ ಬಿದಿರು ಕಡ್ಡಿಯನ್ನು ಗುರುತುಗಳ ಮೇಲೆ ಬಾಗಿಸಿ ಹಿಡಿದು ಗೆರೆ ಎಳೆಯಿರಿ. ಬಿದಿರು ತಾನಾಗಿ ಬಾಗುವ ಬಾಗೇ ನಳಿಗೆಯ ಬಾಗು. ಮೊದಲು ಗೆರೆಯಿಂದ ಒಂದು ಮಿಲಿ ಒಳಗೇ ತೋಡಿ.

ಎಲ್ಲರೂ ಪಕ್ಕದ ಬಾಗನ್ನು ನೋಡುತ್ತಾರೆ, ಕೆಳಗಿನ ಬಾಗನ್ನು ಮರೆಯುತ್ತಾರೆ. ನಿಮ್ಮ ನಳಿಗೆಯ ನಡುರೇಖೆಯಿಂದ ತಳಕ್ಕೆ ಬುಡದಲ್ಲಿ 14 ಮಿಲಿ, ನಡುವಿನಲ್ಲಿ 10, ಬಾಯಿಯಲ್ಲಿ 11. ನಳಿಗೆ ಕೂರುವ ಕಾಲುವೆಯ ತಳವನ್ನು ಬುಡದಿಂದ ಬಾಯಿಗೆ ನೇರ ಗೆರೆಯಲ್ಲಿ ತೋಡಿದರೆ 24ನೇ ಇಂಚಿನಲ್ಲಿ ಆಳ 12 ಆಗುತ್ತದೆ. ನಳಿಗೆ ಅಲ್ಲಿ 10ಕ್ಕೇ ನಿಲ್ಲುತ್ತದೆ. ಅಂದರೆ ಎರಡು ಮಿಲಿ ಪೊಳ್ಳು. ಮೇಲಿಂದ ನೋಡಿದರೆ ಅಂಚು ಚೆನ್ನಾಗಿ ಕೂತ ಹಾಗೆ ಕಾಣುತ್ತದೆ. ಆಮೇಲೆ ಮರಕ್ಕೆ ಬಿಗಿಯುವ ಪಿನ್ ಹೊಡೆದು ಎಳೆದಾಗ ಆ ಪೊಳ್ಳಿನ ಕಡೆಗೆ ನಳಿಗೆ ಬಾಗುತ್ತದೆ ಅಥವಾ ಮರ ಸೀಳುತ್ತದೆ. ನನ್ನ ಮೊದಲ ಕೋವಿಯಲ್ಲಿ ಇದೇ ತಪ್ಪು ಆಗಿತ್ತು. ಮೂರು ಪಿನ್ ಹೊಡೆದ ರಾತ್ರಿ ಟಪ್ ಎಂದು ಸದ್ದು ಕೇಳಿತು, ಬೆಳಿಗ್ಗೆ ನೋಡಿದರೆ ಕೂದಲೆಳೆಯಂಥ ಬಿರುಕು ಒಂಬತ್ತು ಇಂಚು ಓಡಿತ್ತು.

ಉಳಿಸುತ್ತಿಗೆ · ಫೆಬ್ರವರಿ 18

ಸಾರ್ ಹೇಳಿದ್ದು ಸರಿ. ಕೈಕೆಲಸದ ಒಂದು ಮಾತು ಸೇರಿಸುತ್ತೇನೆ. ಉಳಿಯನ್ನು ಎಲ್ಲಿಂದ ಎಲ್ಲಿಗೆ ಓಡಿಸಬೇಕು ಅನ್ನುವುದು. ನಳಿಗೆಯ ನಡು ಸಣ್ಣ ಅಂದರೆ ಕಾಲುವೆಯ ಗೋಡೆ ಅಲ್ಲಿ ಹೊಟ್ಟೆ ಉಬ್ಬಿರುತ್ತದೆ. ಉಳಿ ಯಾವತ್ತೂ ಉಬ್ಬಿನಿಂದ ಇಳಿಜಾರಿಗೆ ಹೋಗಬೇಕು. 24ನೇ ಇಂಚಿನಿಂದ ಶುರು ಮಾಡಿ ಬುಡದ ಕಡೆಗೆ ಒಂದು ಸಲ, ಬಾಯಿಯ ಕಡೆಗೆ ಒಂದು ಸಲ. ತಿರುಗಿಸಿ ಹೊಡೆದರೆ ಉಳಿ ಎಳೆಯೊಳಗೆ ಹೊಕ್ಕು ಅಂಚು ಎತ್ತುತ್ತದೆ. ತಳಕ್ಕೂ ಇದೇ ಲೆಕ್ಕ.

ಕಾಲುವೆ ನಾಲ್ಕು ಮೂಲೆ ಮಾಡಿ ಆದ ಮೇಲೆ ಓರೆ ಪಟ್ಟೆ ಬಿಡಿಸಿ. ಮೊದಲೇ ಓರೆ ಬಿಡಿಸಲು ಹೋದರೆ ಆಳ ತಪ್ಪುತ್ತದೆ.

ಕುಶಾಲನಗರ ಡಿಪೋ · ಫೆಬ್ರವರಿ 19

ಮರದ ವ್ಯಾಪಾರದಲ್ಲಿರುವವನು ನಾನು. ಒಂದು ಎಚ್ಚರಿಕೆ. ನಮ್ಮ ಕಡೆ ಗಾಳಿ ಒಣ, ನಿಮ್ಮ ಕಕ್ಕಬ್ಬೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗೋಡೆಯೇ ಬೆವರುತ್ತದೆ. ಇಲ್ಲಿ ಕೂರಿಸಿದ ಬಾಗಿಲು ಭಾಗಮಂಡಲಕ್ಕೆ ಹೋಗಿ ಮುಚ್ಚಿಕೊಳ್ಳದೆ ವಾಪಸ್ ಬಂದಿದ್ದು ಎಷ್ಟೋ ಸಲ. ಮಂಚದ ಹಲಗೆ ಎಷ್ಟೇ ಹಳೆಯದಾದರೂ ಅದನ್ನು ಸೀಳಿ ಒಳಮರ ಹೊರಗೆ ಬಂದಾಗ ಮತ್ತೆ ಸ್ವಲ್ಪ ತಿರುಚುತ್ತದೆ. ಈಗ ಮಾರ್ಚ್‌ನಲ್ಲಿ ಕಾಲುವೆ ಬಿಗಿಯಾಗಿ ಮುಗಿಸಿಬಿಟ್ಟರೆ ಜುಲೈನಲ್ಲಿ ನಳಿಗೆ ಎತ್ತಲಾಗುವುದಿಲ್ಲ. ಮುಕ್ಕಾಲು ಕೆಲಸ ಈಗ ಮಾಡಿ, ಮರ ಒಂದು ಮಳೆಗಾಲ ನಿಮ್ಮ ಮನೆಯಲ್ಲೇ ಕಳೆಯಲಿ. ನೆಲಕ್ಕೆ ತಾಗದಂತೆ, ಒಲೆಯ ಹತ್ತಿರ ಅಲ್ಲದ ಕಡೆ. ಕೊನೆಯ ಕಾಲು ಪಾಲನ್ನು ಮಳೆ ಇಳಿದ ಮೇಲೆ ಮುಗಿಸಿ.

ನಾಲ್ಕುನಾಡು · ಮಾರ್ಚ್ 22

ಅಂಗಡಿಯಲ್ಲಿ ನಾಲ್ಕು ಭಾನುವಾರ ಕೂತೆವು. ಊರಿನ ಮರಗೆಲಸದವರು ಉಳಿ ಹಿಡಿದರು, ನಾನು ಅಳತೆ ಹೇಳುತ್ತಿದ್ದೆ. ಬಿದಿರು ಕಡ್ಡಿಯಲ್ಲಿ ಗೆರೆ ಎಳೆದಾಗ ಅವರು ಒಂದು ನಿಮಿಷ ಸುಮ್ಮನೆ ನೋಡುತ್ತಾ ನಿಂತು, ಇಷ್ಟೇನಾ ಅಂದರು.

ಈಗ ಒಂದು ಗಾಬರಿ. ನಳಿಗೆಯ ಬುಡ ಬಂದು ತಾಗುವ ಮರದ ಎದುರುಗೋಡೆ ಚೌಕ ಮಾಡುವಾಗ ಮೂರು ಮಿಲಿ ಹೆಚ್ಚಿಗೆ ಹೋಗಿದೆ. ನಳಿಗೆ ಅಷ್ಟು ಹಿಂದಕ್ಕೆ ಸರಿದರೆ ಹಿಂಭಾಗದಲ್ಲೆಲ್ಲ ಸಂದು ಬಿಡುತ್ತದೆ, ಮುಂದೆ ಬಾಯಿಯ ಉಬ್ಬು ಸಿಕ್ಕಿಕೊಳ್ಳುತ್ತದೆ, ಹಲಗೆ ಹಾಳಾಯಿತು ಅಂತ ಒಬ್ಬರು ಹೇಳಿದರು. ಎರಡು ದಿನದಿಂದ ನಿದ್ದೆ ಇಲ್ಲ.

ಹಳೇಕಮ್ಮಟ · ಮಾರ್ಚ್ 22

ನಿದ್ದೆ ಮಾಡಿ. ಲೆಕ್ಕ ಹಾಕೋಣ. ಬುಡದಿಂದ 24 ಇಂಚಿನಲ್ಲಿ, ಅಂದರೆ 610 ಮಿಲಿಯಲ್ಲಿ, ನಳಿಗೆ ಎಂಟು ಮಿಲಿ ಇಳಿಯುತ್ತದೆ. ಒಂದು ಮಿಲಿ ಸರಿದರೆ ಅಗಲದಲ್ಲಿ 0.013 ಮಿಲಿ ವ್ಯತ್ಯಾಸ. ಮೂರು ಮಿಲಿಗೆ 0.04, ಒಂದೊಂದು ಪಕ್ಕಕ್ಕೆ 0.02. ಸಿಗರೇಟಿನ ಕಾಗದದಷ್ಟೂ ಇಲ್ಲ. ಮುಂದಿನ ಉಬ್ಬಿನ ಕಡೆ ಇಳಿಜಾರು ಇನ್ನೂ ಕಡಿಮೆ, ಹೆರೆಪಟ್ಟಿ ಎರಡು ಸಲ ಆಡಿಸಿದರೆ ಮುಗಿಯಿತು. ಆ ಭಯ ಬೇರೆ ಸಂದರ್ಭದ್ದು. ಬುಡ ತುಕ್ಕು ಹಿಡಿದು ನಳಿಗೆಯನ್ನು ಒಂದಿಂಚು ಕತ್ತರಿಸಿ ಹಿಂದಕ್ಕೆ ತಂದರೆ 0.33 ಮಿಲಿ ಬರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಬೇರೊಂದು ನಳಿಗೆಗೆಂದು ತೋಡಿದ ಮರಕ್ಕೆ ಇನ್ನೊಂದನ್ನು ಇಟ್ಟು, ನಡು ಎರಡು ಇಂಚು ಆಚೀಚೆ ಆದರೆ ಅರ್ಧ ಮಿಲಿಗಿಂತ ಹೆಚ್ಚು ತಪ್ಪುತ್ತದೆ, ಅದು ಸರಿಹೋಗದು. ಅಮೆರಿಕದಲ್ಲಿ ಯಂತ್ರದಲ್ಲಿ ತೋಡಿದ ಸಿದ್ಧ ಮರ ಮಾರುತ್ತಾರೆ, ಒಬ್ಬರ ನಳಿಗೆಗೆ ಇನ್ನೊಬ್ಬರ ಮರ ತಂದವರು ಅಳುವುದು ಇದೇ ಕಾರಣಕ್ಕೆ.

ನಿಮ್ಮ ಮೂರು ಮಿಲಿಯ ತೊಂದರೆ ಬೇರೆ ಕಡೆ ಇದೆ. ನಳಿಗೆ ಹಿಂದೆ ಸರಿದರೆ ನಿಪ್ಪಲ್ ಕೂಡ ಮೂರು ಮಿಲಿ ಹಿಂದೆ ಸರಿಯುತ್ತದೆ. ಕುದುರೆ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆ, ಬಂದು ಬೀಳುವ ಜಾಗ ತಪ್ಪಿ ಕೇಪಿನ ಅಂಚಿಗೆ ಬಡಿಯುತ್ತದೆ. ಕುದುರೆಯ ತಟ್ಟೆ ಕೂರಿಸುವ ಗುಂಡಿ ಇನ್ನೂ ತೋಡಿಲ್ಲ ತಾನೇ? ಹಾಗಿದ್ದರೆ ಅದನ್ನೂ ನಳಿಗೆಯ ಈಗಿನ ಜಾಗ ನೋಡಿಯೇ ಗುರುತಿಸಿ, ಎಲ್ಲ ಸರಿಹೋಗುತ್ತದೆ. ಇಂಥ ಕೋವಿಯಲ್ಲಿ ನಳಿಗೆ ಮೊದಲು, ಕುದುರೆ ಆಮೇಲೆ, ಟ್ರಿಗರ್ ಅದರ ಆಮೇಲೆ. ಒಂದನ್ನು ನೋಡಿ ಇನ್ನೊಂದು.

ಎದುರುಗೋಡೆ ಮಾತ್ರ ಪೂರ್ತಿ ತಾಗಬೇಕು. ಹಾರಿಸಿದಾಗ ಒದೆತ ಹೊರುವುದು ಅದೇ. ಬುಡದ ತಿರುಪಿನ ಬಾಲ ಕುತ್ತಿಗೆಯ ಮೇಲೆ ಹಿಂದಕ್ಕೆ ಚಾಚಿರುತ್ತದಲ್ಲ, ಅದರ ತುದಿಯ ಹಿಂದೆ ಕಾಗದದಷ್ಟು ಸಂದು ಬಿಡಿ. ಬಾಲವೇ ಒದೆತ ಹೊತ್ತರೆ ಬೆಣೆ ಹೊಡೆದಂತೆ ಕುತ್ತಿಗೆ ಸೀಳುತ್ತದೆ.

ನಾಲ್ಕುನಾಡು · ಮಾರ್ಚ್ 23

ಕುದುರೆಯ ಗುಂಡಿ ತೋಡಿಲ್ಲ. ಉಸಿರು ಬಂತು ಅಣ್ಣಾ.

ಕಾಫಿಹೂ · ಮಾರ್ಚ್ 23

ಗಜಕಡ್ಡಿಯ ತೂತಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯ ಕೋವಿಗೆ ಮರ ಹಾಕಿಸಿದಾಗ ಬೈರಿಗೆ ಒಳಗೊಳಗೇ ಮೇಲಕ್ಕೆ ಹತ್ತಿ ನಳಿಗೆಯ ಕಾಲುವೆಗೇ ಬಂದುಬಿಟ್ಟಿತು. ಮಾಡಿದವರು ಮೇಣ ತುಂಬಿ ಮುಚ್ಚಿ ಕೊಟ್ಟಿದ್ದರು, ನಮಗೆ ತಿಳಿದದ್ದು ಮೂರು ವರ್ಷದ ನಂತರ.

ಹಳೇಕಮ್ಮಟ · ಮಾರ್ಚ್ 24

ಒಳ್ಳೆಯ ನೆನಪು ಮಾಡಿದಿರಿ ಅಕ್ಕಾ. ನಳಿಗೆಯ ತಳಕ್ಕೂ ಗಜಕಡ್ಡಿಯ ತೂತಿಗೂ ನಡುವೆ ಬುಡದಲ್ಲಿ ಸುಮಾರು ಮೂರು ಮಿಲಿ ಮರ ಉಳಿಯಬೇಕು. ಅದಕ್ಕಿಂತ ಹೆಚ್ಚಾದರೆ ಕೋವಿ ಗರ್ಭಿಣಿಯ ಹಾಗೆ ಕಾಣುತ್ತದೆ, ಕಡಿಮೆಯಾದರೆ ಕುದುರೆಯ ಮುಂದಿನ ತಿರುಪು ಹಾಯಲು ಜಾಗ ಸಿಗುವುದಿಲ್ಲ. ತೂತು ನೇರ, ನಳಿಗೆಯ ತಳ ಬಾಗು, ಆದ್ದರಿಂದ ನಡುವಿನಲ್ಲಿ ತಾನಾಗಿ ಹೆಚ್ಚು ಮರ ನಿಲ್ಲುತ್ತದೆ. ಮುಂದಿನ ತೆರೆದ ಕಾಲುವೆಯನ್ನು ಮೊದಲು ಮುಗಿಸಿ. ಬೈರಿಗೆ ಆ ಕಾಲುವೆಯನ್ನೇ ಹಳಿ ಮಾಡಿಕೊಂಡು ಒಳಗೆ ಹೋಗಲಿ. ಎರಡಿಂಚಿಗೆ ಒಮ್ಮೆ ತೆಗೆದು, ತೆಳು ಕಂಬಿ ಬಿಟ್ಟು ಆಳ ನೋಡುತ್ತಿರಿ.

ಹೊರಗಿನ ಆಕಾರದ ಬಗ್ಗೆಯೂ ಈಗಲೇ ಹೇಳುತ್ತೇನೆ. ಮರದ ಹೊರಮೈ ಕೂಡ ನಳಿಗೆಯ ಜೊತೆಗೇ ನಡುವಿನಲ್ಲಿ ಸಣ್ಣಗಾಗಿ ಬಾಯಿಯಲ್ಲಿ ಅಗಲವಾಗಬೇಕು. ನೇರ ಕೆತ್ತಿ ಬಿಟ್ಟರೆ ಇಷ್ಟು ಶ್ರಮ ಪಟ್ಟಿದ್ದು ಹೊರಗೆ ಕಾಣುವುದೇ ಇಲ್ಲ.

ನಾಲ್ಕುನಾಡು · ಮೇ 30

ಮುಕ್ಕಾಲು ಕೆಲಸ ಆಯಿತು. ಕಾಲುವೆ ಗೆರೆಗಿಂತ ಅರ್ಧ ಮಿಲಿ ಒಳಗೇ ಇದೆ. ನಳಿಗೆ ಮತ್ತು ಕುದುರೆ ರಿಪೇರಿಯವರ ಕಪಾಟಿನಲ್ಲಿ. ಬರಿ ಮರ ಮಾತ್ರ ನಮ್ಮ ಮನೆಯ ಅಟ್ಟದಲ್ಲಿ, ಎರಡು ಹಗ್ಗದಲ್ಲಿ ತೂಗುಹಾಕಿದ್ದೇನೆ. ಗೆದ್ದಲಿನ ದಾರಿ ಈ ಸಲ ಇಲ್ಲ.

ನಾಲ್ಕುನಾಡು · ಆಗಸ್ಟ್ 24

ಡಿಪೋದವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಮಳೆ ಸ್ವಲ್ಪ ಬಿಟ್ಟಿದೆ ಅಂತ ಮರ ಇಳಿಸಿ ನಡುಗೆರೆಯ ಮೇಲೆ ದಾರ ಹಿಡಿದೆ. ಮುಂದಿನ ತುದಿ ಎಡಕ್ಕೆ ಒಂದೂವರೆ ಮಿಲಿ ಸರಿದಿದೆ. ಮೇ ತಿಂಗಳಲ್ಲೇ ಮುಗಿಸಿದ್ದರೆ ಈಗ ನಳಿಗೆಯನ್ನು ಬಲವಂತವಾಗಿ ಒತ್ತಿ ಕೂರಿಸುತ್ತಿದ್ದೆವು. ಉಳಿದಿದ್ದ ಅರ್ಧರ್ಧ ಮಿಲಿಯಲ್ಲಿ ಇದನ್ನು ಸರಿಪಡಿಸಿಕೊಳ್ಳಬಹುದಾ?

ಉಳಿಸುತ್ತಿಗೆ · ಆಗಸ್ಟ್ 24

ಆಗುತ್ತದೆ. ಬುಡದ ಹತ್ತು ಇಂಚು ನಡುಗೆರೆ ಹಾಗೇ ಇಟ್ಟುಕೊಂಡು, ಅಲ್ಲಿಂದ ಮುಂದಕ್ಕೆ ಹೊಸ ಗೆರೆ ಎಳೆಯಿರಿ. ಬಲಗೋಡೆ ಹೆಚ್ಚು ಹೆರೆಯಿರಿ, ಎಡಗೋಡೆ ಮುಟ್ಟಬೇಡಿ. ತುದಿಯ ಒಂದು ಗೇಣು ಎಡಕ್ಕೆ ಸಂದು ಬಂದರೆ ಅದೇ ಮಂಚದ ಬೀಟೆಯ ಚೂರು ಸೀಳಿ ಅಂಟಿಸಿ. ಎಳೆ ಒಂದೇ ದಿಕ್ಕಿಗೆ ಇಡಿ, ಕಣ್ಣಿಗೆ ಕಾಣುವುದಿಲ್ಲ.

ಇನ್ನು ಮಸಿ ಹಚ್ಚುವ ಕೆಲಸ. ದೀಪದ ಮಸಿಗೆ ಎರಡು ಹನಿ ಹರಳೆಣ್ಣೆ ಕಲಸಿ ನಳಿಗೆಯ ತಳಕ್ಕೆ ಬೆರಳಿಂದ ತೆಳುವಾಗಿ ಸವರಿ. ದಪ್ಪ ಹಚ್ಚಿದರೆ ಎಲ್ಲ ಕಡೆ ಅಂಟಿ ಸುಳ್ಳು ಹೇಳುತ್ತದೆ. ಎರಡು ಕೈಯಲ್ಲಿ ಹಿಡಿದು ನೇರ ಕೆಳಕ್ಕೆ ಇಳಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ನೇರ ಮೇಲಕ್ಕೆ ಎತ್ತಿ. ಒಂದು ತುದಿಯಿಂದ ಮೀಟಿ ಎತ್ತಿದರೆ ಅಂಚು ಸಿಡಿಯುತ್ತದೆ. ಬುಡಕ್ಕೊಂದು, ಬಾಯಿಗೊಂದು ದಾರದ ಕುಣಿಕೆ ಹಾಕಿ ಇಬ್ಬರು ಎತ್ತಿ. ಕಪ್ಪಾದ ಚುಕ್ಕೆ ಮಾತ್ರ ಹೆರೆಯಿರಿ. ನಾಲ್ಕೈದು ಸಲಕ್ಕೆ ಆಗುವ ಕೆಲಸ ಅಲ್ಲ ಇದು, ಐವತ್ತು ಅರವತ್ತು ಸಲ ಆಗಬೇಕು. ಬೇಸರ ಬಂದ ದಿನ ಉಳಿ ಕೆಳಗಿಡಿ.

ಹಳೇಕಮ್ಮಟ · ಆಗಸ್ಟ್ 25

ಪಿನ್ ಹೊಡೆಯುವ ಮೊದಲು ಒಂದು ಪರೀಕ್ಷೆ. ಪಿನ್ ಇಲ್ಲದೆ ನಳಿಗೆಯನ್ನು ಮರದಲ್ಲಿ ಮಲಗಿಸಿ, ನಡುವಿನ ಜಾಗದಲ್ಲಿ ಹೆಬ್ಬೆರಳಿಂದ ಒತ್ತಿ. ಒಂದಿಷ್ಟು ಕೆಳಗಿಳಿದು ಮತ್ತೆ ಎದ್ದರೆ ತಳದಲ್ಲಿ ಪೊಳ್ಳಿದೆ. ಬುಡ ಮತ್ತು ಬಾಯಿಯ ಕಡೆ ಇನ್ನೂ ಇಳಿಸಬೇಕು. ಒತ್ತಿದರೂ ಕಲ್ಲಿನಂತಿದ್ದರೆ ಪಿನ್ ಹೊಡೆಯಬಹುದು. ನಳಿಗೆಯ ತಳದ ಕಿವಿಗಳಲ್ಲಿ ಪಿನ್ನಿಗೆ ಗುಂಡು ತೂತು ಮಾಡಿಸಬೇಡಿ, ಉದ್ದಕ್ಕೆ ಎರಡು ಮೂರು ಮಿಲಿ ಸೀಳುತೂತು ಮಾಡಿಸಿ. ಒಂದೇ ಮಳೆಗಾಲಕ್ಕೆ ಇಷ್ಟು ಆಡಿದ ಮರ ಇದು, ಅದಕ್ಕೆ ಆಡಲು ಜಾಗ ಇರಲಿ.

ನಾಲ್ಕುನಾಡು · ಸೆಪ್ಟೆಂಬರ್ 2

63 ಸಲ. ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟು ಹಾಕಿ ಎಣಿಸಿದ್ದೇವೆ. ಕೊನೆಯ ಸಲ ನಳಿಗೆ ಇಳಿಸಿದಾಗ ಗಾಳಿ ಹೊರಗೆ ಹೋಗುವ ಸಣ್ಣ ಉಸಿರಿನಂಥ ಸದ್ದು ಕೇಳಿಸಿತು. ಎತ್ತಿ ನೋಡಿದರೆ ಬುಡದಿಂದ ಬಾಯಿಯವರೆಗೆ ತಳದ ಪಟ್ಟೆ ಪೂರ್ತಿ ಒಂದೇ ಬೂದು ಬಣ್ಣ. ಹೆಬ್ಬೆರಳಿಂದ ಒತ್ತಿದೆ, ಕಲ್ಲು. ಎಡಗಡೆ ತುದಿಯಲ್ಲಿ ನಾಲ್ಕು ಇಂಚಿನ ಬೀಟೆ ಚೂರು ಅಂಟಿಸಿದ್ದೇವೆ. ನನಗೆ ಜಾಗ ಗೊತ್ತಿದ್ದರಿಂದ ಕಾಣುತ್ತದೆ, ತಂದೆಗೆ ತೋರಿಸಿದಾಗ ಹುಡುಕಲಾಗಲಿಲ್ಲ.

ಪಿನ್ ಇನ್ನೂ ಹೊಡೆದಿಲ್ಲ. ರಿಪೇರಿಯವರು ಕಿವಿಗಳ ಸೀಳುತೂತು ಮಾಡಿ ಕೊಡಲು ಇನ್ನೂ ಎರಡು ವಾರ ಬೇಕಂತೆ. ನಾಳೆ ಕೈಲ್ ಮುಹೂರ್ತ. ನಳಿಗೆಯನ್ನು ಮರದಲ್ಲಿ ಮಲಗಿಸಿ ಹತ್ತಿಯ ದಾರದಲ್ಲಿ ಮೂರು ಕಡೆ ಕಟ್ಟಿ ಮನೆಗೆ ತಂದಿದ್ದೇನೆ. ಮರಗೆಲಸದವರನ್ನೂ ಊಟಕ್ಕೆ ಕರೆದಿದ್ದೇನೆ, ಅವರ ಉಳಿ ಮತ್ತು ಕೊಡತಿಯೂ ನಾಳೆ ಕೋವಿಯ ಪಕ್ಕದಲ್ಲೇ ಕೂರುತ್ತವೆ. ಮಗಳು ಬೇಲಿಯಿಂದ ತೋಕ್ ಪೂ ಕಿತ್ತು ತಂದು ನೀರಿನಲ್ಲಿಟ್ಟಿದ್ದಾಳೆ.

ಕಾಫಿಹೂ · ಸೆಪ್ಟೆಂಬರ್ 2

ತಂದ ಮೇಲೆ ಗಜಕಡ್ಡಿ ಬಿಟ್ಟು ಇನ್ನೊಮ್ಮೆ ನೋಡಿದೆಯಾ?

ನಾಲ್ಕುನಾಡು · ಸೆಪ್ಟೆಂಬರ್ 2

ನೋಡಿದೆ ಅಕ್ಕಾ. ನಿಪ್ಪಲ್‌ವರೆಗೂ ಹೋಯಿತು.

ಉಳಿಸುತ್ತಿಗೆ · ಸೆಪ್ಟೆಂಬರ್ 3

ಪಿನ್ ಹೊಡೆದ ಮೇಲೆ ಒಳಗೂ ಎಣ್ಣೆ ಕೊಡಿ, ಹೊರಗೆ ಮಾತ್ರ ಹಚ್ಚಿದರೆ ಕಾಲುವೆ ನೀರು ಕುಡಿಯುತ್ತದೆ. ಹುತ್ತರಿಗೆ ಒಂದು ವಾರ ಮೊದಲು ಬಿಚ್ಚಿ ಮಸಿ ಹಚ್ಚಿ ನೋಡಿ. ಚಳಿಗೆ ಮರ ಸೆಳೆದುಕೊಂಡಿದ್ದರೆ ಬುಡದ ಹತ್ತಿರ ಬಲಗಡೆ ಮೊದಲು ಕಪ್ಪಾಗುತ್ತದೆ. ಆಗಿದ್ದರೆ ಇಲ್ಲಿ ಬರೆಯಿರಿ, ನಾನೇ ಬರುತ್ತೇನೆ.